ಎಂ20 ಗೇರ್‌ಬಾಕ್ಸ್, 3.55 ಆಕ್ಸಲ್: 1969ರ ಶೆವೆಲ್ ಎಸ್‌ಎಸ್ 396ಗೆ ಒಪ್ಪುವ ಜೋಡಿ

1969ರ ಶೆವೆಲ್ ಎಸ್‌ಎಸ್ 396 (ಷೆವ್ರೊಲೆಯ ದೊಡ್ಡ ವಿ8 ಎಂಜಿನ್ನಿನ ಅಮೆರಿಕನ್ ಕಾರು) ಕೊಂಡವರಿಗೆ ಮೊದಲು ಸಿಗುವ ಬಿಟ್ಟಿ ಸಲಹೆ: "ಎಂ21 ಗೇರ್‌ಬಾಕ್ಸ್ ಹುಡುಕಿ, ಹಿಂದೆ 4.10 ಕ್ರೌನ್-ಪಿನಿಯನ್ ಹಾಕಿಸಿ." ಕ್ರೌನ್-ಪಿನಿಯನ್ ಅಂದರೆ ಹಿಂದಿನ ಆಕ್ಸಲಿನ ಹಲ್ಲುಚಕ್ರದ ಜೋಡಿ; 4.10 ಅಂದರೆ ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ 4.10 ಸುತ್ತು ತಿರುಗಬೇಕು. ಕಾಲು ಮೈಲಿ ರೇಸ್ ಪಟ್ಟಿಯ ಮೇಲೆ ಓಡಿಸುವವರಿಗೆ ಆ ಸಲಹೆ ಸರಿ. ರಸ್ತೆ ಮೇಲೆ ಓಡಾಡುವ ಗಾಡಿಗೆ ಮಾತ್ರ ಒಂದು ವಾರದ ಖುಷಿ, ಆಮೇಲೆ ಕಿವಿಗೂ ಪೆಟ್ರೋಲಿಗೂ ದಂಡ. ರಸ್ತೆಗೆ ನಮ್ಮ ಆಯ್ಕೆ ಮನ್ಸಿ ಎಂ20 ಮತ್ತು 3.55ರ 12-ಬೋಲ್ಟ್ ಪೊಸಿಟ್ರ್ಯಾಕ್ಷನ್ ಆಕ್ಸಲ್. ಎಂ20, ಎಂ21, ಎಂ22 ಮೂರೂ ಮನ್ಸಿ ಎಂಬ ನಾಲ್ಕು ಗೇರಿನ ಮ್ಯಾನ್ಯುಯಲ್ ಬಾಕ್ಸಿನ ಬಗೆಗಳು. ಪೊಸಿಟ್ರ್ಯಾಕ್ಷನ್ (ಪೊಸಿ) ಅಂದರೆ ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಬಲ ಹೋಗುವಂತೆ ಮಾಡುವ ಡಿಫರೆನ್ಶಿಯಲ್.

ಗೇರ್‌ಬಾಕ್ಸನ್ನೂ ಆಕ್ಸಲನ್ನೂ ಬೇರೆ ಬೇರೆ ನೋಡಿದರೆ ಲೆಕ್ಕ ತಪ್ಪುತ್ತದೆ. ಗಾಡಿ ನಿಂತಲ್ಲಿಂದ ಏಳುವುದು ಎರಡರ ಗುಣಲಬ್ಧದ ಮೇಲೆ. 1966ರ ನಂತರದ ಎಂ20ರಲ್ಲಿ ಮೊದಲ ಗೇರು 2.52, ಎಂ21ರಲ್ಲಿ 2.20. ಎಂ20ಗೆ 3.55 ಸೇರಿಸಿದರೆ 8.95, ಎಂ21ಗೆ 4.10 ಸೇರಿಸಿದರೆ 9.02. ಅಂದರೆ ಸಿಗ್ನಲ್ಲಿನಲ್ಲಿ ಕ್ಲಚ್ ಬಿಟ್ಟಾಗ ಎರಡೂ ಹೆಚ್ಚುಕಡಿಮೆ ಒಂದೇ. ಎಂ21ಗೆ 3.31 ಕಟ್ಟಿದರೆ 7.28ಕ್ಕೆ ಇಳಿಯುತ್ತದೆ. ಅಂಥ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿ ಎಬ್ಬಿಸಿದಾಗಲೆಲ್ಲ ಕ್ಲಚ್ ಪ್ಲೇಟ್ ಸುಡುವ ವಾಸನೆ.

ಹೆದ್ದಾರಿಯಲ್ಲಿ ವ್ಯತ್ಯಾಸ ಬಯಲಾಗುತ್ತದೆ. ಈ ಗೇರ್‌ಬಾಕ್ಸ್‌ಗಳಲ್ಲಿ ಓವರ್‌ಡ್ರೈವ್ ಇಲ್ಲ, ನಾಲ್ಕನೇ ಗೇರು 1.00. ಕಿ.ಮೀ. ವೇಗವನ್ನು ಆಕ್ಸಲ್ ಅನುಪಾತದಿಂದಲೂ 209ರಿಂದಲೂ ಗುಣಿಸಿ, ಟೈರಿನ ಎತ್ತರವನ್ನು ಇಂಚಿನಲ್ಲಿ ತೆಗೆದುಕೊಂಡು ಭಾಗಿಸಿದರೆ ಎಂಜಿನ್ನಿನ ಆರ್‌ಪಿಎಂ ಸಿಗುತ್ತದೆ. 26 ಇಂಚಿನ ಟೈರಿಗೆ, 100 ಕಿ.ಮೀ. ವೇಗದಲ್ಲಿ, 3.31ಕ್ಕೆ ಸುಮಾರು 2,660; 3.55ಕ್ಕೆ 2,850, 3.73ಕ್ಕೆ 3,000, 4.10ಕ್ಕೆ 3,300. ಅಮೆರಿಕದ ಹೆದ್ದಾರಿಯ 70 ಮೈಲಿ ವೇಗಕ್ಕೆ 4.10 ಆದರೆ 3,700 ದಾಟುತ್ತದೆ. ದೊಡ್ಡ ಬ್ಲಾಕಿನ ವಿ8 ಎಂಜಿನ್ನನ್ನು ಎರಡು ಗಂಟೆ ಹಾಗೆ ಕಿರುಚಿಸಿಕೊಂಡು ಹೋಗುವ ತಾಳ್ಮೆ ಯಾರಿಗಿದೆ?

ಎಂ21 ಪರವಾಗಿ ಹೇಳುವ ದೊಡ್ಡ ಮಾತು "ಗೇರುಗಳು ಹತ್ತಿರ ಹತ್ತಿರ ಇವೆ" ಎನ್ನುವುದು. ಅಂಕಿ ಇಟ್ಟು ನೋಡೋಣ. ಎಂ20: 2.52, 1.88, 1.46, 1.00. ಎಂ21: 2.20, 1.64, 1.28, 1.00. 5,000ದಲ್ಲಿ ಗೇರು ಬದಲಿಸಿದರೆ ಒಂದರಿಂದ ಎರಡಕ್ಕೆ ಎರಡೂ ಬಾಕ್ಸಿನಲ್ಲಿ ಎಂಜಿನ್ ಸುಮಾರು 3,730ಕ್ಕೆ ಇಳಿಯುತ್ತದೆ. ಎರಡರಿಂದ ಮೂರಕ್ಕೂ 3,900ರ ಆಸುಪಾಸು, ಎರಡರಲ್ಲೂ. ವ್ಯತ್ಯಾಸ ಇರುವುದು ಮೂರರಿಂದ ನಾಲ್ಕಕ್ಕೆ ಮಾತ್ರ: ಎಂ20ರಲ್ಲಿ 3,425, ಎಂ21ರಲ್ಲಿ 3,906. ಆ 480 ಆರ್‌ಪಿಎಂ ರೇಸಿಗೆ ಬೇಕು. 396ರಂಥ ಟಾರ್ಕ್ ತುಂಬಿದ ಎಂಜಿನ್ನಿಗೆ ಊರೊಳಗೆ ಅದರ ಹಂಗೇ ಇಲ್ಲ. ಎಂ22 ಅಂದರೆ ಎಂ21ರ ಅನುಪಾತಗಳೇ. ಹಲ್ಲುಗಳ ಓರೆ ಕಡಿಮೆ ಮಾಡಿ ಗಟ್ಟಿಮಾಡಿದ್ದಾರೆ, ಅದಕ್ಕೇ ಹಿಟ್ಟಿನ ಗಿರಣಿಯ ಹಾಗೆ ಸದ್ದು. ಕಾರ್ಖಾನೆಯಿಂದಲೇ ಎಂ22 ಜೊತೆ ಬಂದ 375 ಅಶ್ವಶಕ್ತಿಯ ಎಲ್78 ಎಂಜಿನ್ನಿನ ಗಾಡಿಯಾದರೆ ಅದನ್ನೇ ಉಳಿಸಿಕೊಳ್ಳಿ. ಬೇರೆ ಗಾಡಿಗೆ ದುಡ್ಡು ಸುರಿದು ತಂದು ಹಾಕುವುದು ಬರೀ ಜಂಬ.

ಅಸಲಿ ಮನ್ಸಿ ಕೊಳ್ಳುವಾಗ ಮಾರುವವರ ಮಾತು ಬೇಡ, ಲೋಹ ನೋಡಿ. ಇನ್‌ಪುಟ್ ಶಾಫ್ಟಿನ ಮೇಲೆ ಎರಡು ಗೀರು ಇದ್ದರೆ ಎಂ20, ಒಂದಿದ್ದರೆ ಎಂ21, ಏನೂ ಇಲ್ಲದಿದ್ದರೆ ಎಂ22. ಆದರೆ ಶಾಫ್ಟ್ ಬದಲಾಗಿರಬಹುದು, ಗೀರೊಂದನ್ನೇ ನಂಬಿ ದುಡ್ಡು ಎಣಿಸಬೇಡಿ. 1969ಕ್ಕೆ ಒಪ್ಪುವ ಕೇಸಿನ ಎರಕದ ಸಂಖ್ಯೆ 3925660. ಕೇಸಿನ ಮೇಲೆ ಒತ್ತಿದ ಕೋಡು ಪಿ9ಎ01ಎ ಥರ ಇರುತ್ತದೆ: ಪಿ ಅಂದರೆ ಇಂಡಿಯಾನಾದ ಮನ್ಸಿ ಕಾರ್ಖಾನೆ, 9 ವರ್ಷ, ನಡುವಿನ ಎ ಜನವರಿ, 01 ದಿನಾಂಕ, ಕೊನೆಯ ಎ ಎಂ20. ಬಿ ಇದ್ದರೆ ಎಂ21, ಸಿ ಇದ್ದರೆ ಎಂ22. ತಿಂಗಳ ಅಕ್ಷರಗಳು ಎ, ಬಿ, ಸಿ, ಡಿ, ಇ ವರೆಗೆ ಸಾಲಾಗಿ ಬಂದು, ಜೂನ್‌ಗೆ ಎಚ್, ಜುಲೈಗೆ ಕೆ, ಆಗಸ್ಟ್‌ಗೆ ಎಂ, ಆಮೇಲೆ ಪಿ, ಆರ್, ಎಸ್, ಟಿ ಎಂದು ಹಾರುತ್ತವೆ. ಗೇರ್‌ಬಾಕ್ಸಿನ ತಾರೀಖು ಗಾಡಿ ತಯಾರಾದ ತಾರೀಖಿಗಿಂತ ಕೆಲವು ವಾರ ಹಿಂದಿನದಿರಬೇಕು. ಅದರ ಜೊತೆಗೆ ಗಾಡಿಯ ಚಾಸಿಸ್ ನಂಬರಿನ ತುಂಡೂ ಕೇಸಿನ ಮೇಲೆ ಇರುತ್ತದೆ. 19ಬಿ ಎಂದು ಶುರುವಾದರೆ ಷೆವ್ರೊಲೆ, 1969, ಬಾಲ್ಟಿಮೋರ್. ನಂಬರಿನ ಸುತ್ತ ಅರದಿಂದ ಉಜ್ಜಿದ ಗೆರೆ ಕಂಡರೆ ಹಳೆಯದನ್ನು ಅಳಿಸಿ ಹೊಸದನ್ನು ಒತ್ತಿದ್ದಾರೆ ಎಂದೇ ಅನುಮಾನಿಸಿ.

ಇನ್ನೊಂದು ಬಲೆ ಸ್ಪ್ಲೈನ್, ಅಂದರೆ ಶಾಫ್ಟಿನ ತುದಿಯ ಉದ್ದುದ್ದ ಹಲ್ಲುಗಳು. 1969ರ ಎಂ20ಗೆ ಇನ್‌ಪುಟ್ಟಿನಲ್ಲಿ 10 ಸ್ಪ್ಲೈನ್, ಔಟ್‌ಪುಟ್ಟಿನಲ್ಲಿ 27. 1971ರಿಂದ 1974ರವರೆಗಿನವಕ್ಕೆ 26 ಮತ್ತು 32. ಅಗ್ಗಕ್ಕೆ ಸಿಕ್ಕಿತೆಂದು 1972ರ ಬಾಕ್ಸ್ ತಂದರೆ ಕ್ಲಚ್ ಪ್ಲೇಟೂ ಬೇರೆ ಬೇಕು, ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಯೋಕೂ ಬೇರೆ ಬೇಕು.

ಬಾಕ್ಸ್ ಬಿಚ್ಚಿದಾಗ ಕೌಂಟರ್‌ಶಾಫ್ಟ್ ಕೂರುವ ಮುಂದಿನ ತೂತನ್ನು ಬೆರಳಿಟ್ಟು ನೋಡಿ. ಅಲ್ಯೂಮಿನಿಯಂ ಕೇಸು, ಉಕ್ಕಿನ ಶಾಫ್ಟು. ತೂತು ಸಡಿಲವಾದರೆ ಶಾಫ್ಟ್ ನಿಧಾನವಾಗಿ ತಿರುಗಿ ತೂತನ್ನು ಮೊಟ್ಟೆಯಾಕಾರ ಮಾಡುತ್ತದೆ, ಎಣ್ಣೆ ಅಲ್ಲಿಂದ ಜಿನುಗುತ್ತದೆ. ಸೀಲಂಟ್ ಮೆತ್ತಿ ಮಾರಿದ ಕೇಸು ಎಷ್ಟೋ ಇವೆ. ಬುಷ್ ಹಾಕಿಸಬಹುದು, ಆ ಖರ್ಚನ್ನು ಬೆಲೆಯಿಂದ ಕಳೆದು ಚೌಕಾಸಿ ಮಾಡಿ. ಮೂರನೇ ಗೇರು ತಾನಾಗಿ ಹೊರಬೀಳುತ್ತಿದ್ದರೆ ಸಿಂಕ್ರೊ (ಗೇರು ಸದ್ದಿಲ್ಲದೆ ಕೂಡುವಂತೆ ಮಾಡುವ ಭಾಗ) ಸ್ಲೈಡರ್ ಸವೆದಿರಬಹುದು, ಆದರೆ ಬೆಲ್‌ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ) ಕೇಂದ್ರ ತಪ್ಪಿದ್ದರೂ ಇದೇ ಕಾಯಿಲೆ. ಡಯಲ್ ಗೇಜ್ ಇಟ್ಟು ತಿರುಗಿಸಿ, ಗೇಜಿನ ಮುಳ್ಳಿನ ಓಟ 0.005 ಇಂಚು ಮೀರಬಾರದು. ಮೀರಿದರೆ ಆಫ್‌ಸೆಟ್ ಡವೆಲ್ ಪಿನ್ ಹಾಕಿ ಸರಿಪಡಿಸಿ. ಇದನ್ನು ಬಿಟ್ಟು ಹೊಸ ಸಿಂಕ್ರೊ ಹಾಕಿದರೆ ಆರು ತಿಂಗಳಲ್ಲಿ ಮತ್ತೆ ಅದೇ ಗೋಳು.

ಹಿಂದಿನ 12-ಬೋಲ್ಟ್ ಬಗ್ಗೆ ದೂರು ಕಡಿಮೆ. 8.875 ಇಂಚಿನ ಕ್ರೌನ್ ವೀಲ್, 1.625 ಇಂಚಿನ ಪಿನಿಯನ್ ಶಾಫ್ಟ್, 30 ಸ್ಪ್ಲೈನಿನ ಆಕ್ಸಲ್. ಟ್ರಕ್ಕಿನ 12-ಬೋಲ್ಟ್ ಬೇರೆ ಜಾತಿ; ಅದರ ಪಿನಿಯನ್ 1.438 ಇಂಚು, ಒಳಗಿನದು ಇದಕ್ಕೆ ಕೂರುವುದಿಲ್ಲ. ಕಮ್ಯಾರೋದ ಆಕ್ಸಲ್ ಕೂಡ ಹಾಗೇ ಕೂರದು, ಅದು ಲೀಫ್ ಸ್ಪ್ರಿಂಗಿನದು. ಶೆವೆಲ್‌ಗೆ ಮೇಲಿನ ಕಂಟ್ರೋಲ್ ಆರ್ಮ್ ಹಿಡಿಯುವ ಕಿವಿಗಳು ಎರಕದಲ್ಲೇ ಇರಬೇಕು.

ಅನುಪಾತ ಬದಲಿಸುವವರು ಎಡವುವುದು ಕ್ಯಾರಿಯರ್ (ಕ್ರೌನ್ ವೀಲನ್ನು ಹೊತ್ತ ಒಳಗಿನ ಗೂಡು) ವಿಷಯದಲ್ಲಿ. ಇದರಲ್ಲಿ ಮೂರು ಸರಣಿ: 2.56 ಮತ್ತು 2.73ಕ್ಕೆ ಒಂದು, 3.07ರಿಂದ 3.73ರವರೆಗೆ ಇನ್ನೊಂದು, 4.10 ಮತ್ತು ಮೇಲಿನದಕ್ಕೆ ಮತ್ತೊಂದು. ನಿಮ್ಮದು 3.31 ಇದ್ದರೆ 3.55ಕ್ಕೆ ಹೋಗಲು ಅಸಲಿ ಪೊಸಿಟ್ರ್ಯಾಕ್ಷನ್ ಕ್ಯಾರಿಯರನ್ನೇ ಉಳಿಸಿಕೊಳ್ಳಬಹುದು. 4.10ಕ್ಕೆ ಹೋದರೆ ಬೇರೆ ಕ್ಯಾರಿಯರ್, ಇಲ್ಲವೇ ದಪ್ಪ ಕ್ರೌನ್ ವೀಲ್. ಮಧ್ಯೆ ಸ್ಪೇಸರ್ ಇಟ್ಟು ಉದ್ದ ಬೋಲ್ಟ್ ಬಿಗಿಯುವ ಉಪಾಯವನ್ನು ದೂರವಿಡಿ. 3.55ರ ಪರವಾಗಿ ಇದೂ ಒಂದು ಕಾರಣ.

ಹಾಕಿರುವುದು ಯಾವ ಅನುಪಾತ ಎಂದು ಗೊತ್ತಾಗಲು ಎರಡೂ ಹಿಂದಿನ ಚಕ್ರ ಎತ್ತಿ, ಚಕ್ರ ಒಂದು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತೆಂದು ಎಣಿಸಿ. ಒಂದು ಚಕ್ರ ತಿರುಗಿಸಿದಾಗ ಇನ್ನೊಂದೂ ಅದೇ ದಿಕ್ಕಿಗೆ ತಿರುಗಿದರೆ ಪೊಸಿ ಬದುಕಿದೆ. ಕವರ್ ತೆಗೆದ ಮೇಲಾದರೆ ಹಲ್ಲು ಎಣಿಕೆಯೇ ಸಾಕ್ಷಿ: 39ಕ್ಕೆ 11 ಇದ್ದರೆ 3.55, 43ಕ್ಕೆ 13 ಇದ್ದರೆ 3.31, 41ಕ್ಕೆ 10 ಇದ್ದರೆ 4.10. ಆಕ್ಸಲಿನ ಮೂಲ ಕೋಡು ಬಲಗಡೆಯ ಕೊಳವೆಯ ಮುಂಭಾಗದಲ್ಲಿದೆ. ತುಕ್ಕು ಕೆರೆಯಲು ತಂತಿ ಬ್ರಷ್ ಸಾಕು, ಗ್ರೈಂಡರ್ ಹಿಡಿದರೆ ಅಕ್ಷರವೂ ಹೋಗುತ್ತದೆ.

ಆಕ್ಸಲ್ ಶಾಫ್ಟ್ ಹೊರತೆಗೆದು ಬೇರಿಂಗ್ ಓಡುವ ಜಾಗ ನೋಡಿ. ಇಲ್ಲಿ ರೋಲರ್‌ಗಳು ನೇರವಾಗಿ ಶಾಫ್ಟಿನ ಮೇಲೇ ಉರುಳುತ್ತವೆ. ಉಗುರಿಗೆ ತಡೆಯುವ ಗುಂಡಿ ಬಿದ್ದಿದ್ದರೆ ಹೊಸ ಬೇರಿಂಗ್ ಹಾಕಿಯೂ ಪ್ರಯೋಜನವಿಲ್ಲ. ಶಾಫ್ಟನ್ನು ಒಳಗೆ ಹಿಡಿದಿರುವುದು ಒಂದು ಸಿ-ಕ್ಲಿಪ್ ಅಷ್ಟೇ. ಶಾಫ್ಟ್ ಮುರಿದರೆ ಚಕ್ರವೇ ಹೊರಬರುತ್ತದೆ. ಅಗಲದ ಸ್ಲಿಕ್ ಟೈರ್ ಹಾಕುವವರು ಇದನ್ನು ಮರೆಯಬಾರದು.

ಜೋಡಣೆಯಲ್ಲಿ ಹಾಳಾಗುವುದು ಹೆಚ್ಚಾಗಿ ಪಿನಿಯನ್ ನಟ್ ಬಿಗಿಯುವಾಗ. ಹೊಸ ಬೇರಿಂಗಿಗೆ ಪ್ರಿಲೋಡ್ (ಪಿನಿಯನ್ ತಿರುಗಿಸುವಾಗ ಸಿಗಬೇಕಾದ ಬಿಗಿ) 20–25 ಇಂಚು-ಪೌಂಡ್. ನಟ್ ಬಿಗಿದಂತೆ ಜಜ್ಜಿಹೋಗುವ ಕೊಳವೆಯಾದ ಕ್ರಶ್ ಸ್ಲೀವ್ ಒಮ್ಮೆ ಹೆಚ್ಚು ಜಜ್ಜಿತೆಂದರೆ ನಟ್ ಹಿಂದಕ್ಕೆ ಸಡಿಲಿಸಿ ಸರಿಮಾಡಲಾಗದು, ಹೊಸ ಸ್ಲೀವೇ ಗತಿ. ಎರಡು ಸ್ಲೀವ್ ಮೊದಲೇ ತಂದಿಟ್ಟುಕೊಳ್ಳಿ. ಹಲ್ಲಿನ ಪ್ಲೇ 0.005ರಿಂದ 0.008 ಇಂಚು. ಪಕ್ಕದ ಹಳೆಯ ಎರಕದ ಶಿಮ್ಮುಗಳಿಗೆ (ಅಂತರ ಹೊಂದಿಸುವ ಬಿಲ್ಲೆಗಳು) ಸುತ್ತಿಗೆ ತಾಗಿಸಿದರೆ ಬಿಸ್ಕತ್ತಿನಂತೆ ಒಡೆಯುತ್ತವೆ, ಉಕ್ಕಿನವು ಹಾಕಿ. ಬಣ್ಣ ಬಳಿದು ಹಲ್ಲಿನ ಗುರುತು ನೋಡದೆ ಕವರ್ ಮುಚ್ಚುವ ಗ್ಯಾರೇಜಿಗೆ ಈ ಕೆಲಸ ಕೊಡಲೇಬೇಡಿ.

ಎಣ್ಣೆ ಅದಲುಬದಲಾಗಬಾರದು. ಆಕ್ಸಲ್‌ಗೆ ಸುಮಾರು 2 ಲೀಟರ್ 80ಡಬ್ಲ್ಯು-90 ಜಿಎಲ್-5 ದರ್ಜೆಯ ಗೇರ್ ಎಣ್ಣೆ, ಜೊತೆಗೆ ಪೊಸಿ ಕ್ಲಚ್‌ಗೆ 120 ಮಿ.ಲೀ. ಫ್ರಿಕ್ಷನ್ ಮಾಡಿಫೈಯರ್, ಅದಿಲ್ಲದಿದ್ದರೆ ತಿರುವಿನಲ್ಲಿ ಹಿಂದಿನಿಂದ ಗಡಗಡ ಸದ್ದು. ಮನ್ಸಿಗೆ ಜಿಎಲ್-4 ಮಾತ್ರ, ಜಿಎಲ್-5ರ ಗಂಧಕ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ತಿನ್ನುತ್ತದೆ. ಹೊಸ ಕ್ರೌನ್-ಪಿನಿಯನ್ ಹಾಕಿದ ಮೇಲೆ ಮೊದಲ 20–25 ಕಿ.ಮೀ. ಹಗುರವಾಗಿ ಓಡಿಸಿ, ಪೂರ್ತಿ ತಣಿಯಲು ಬಿಡಿ, 800 ಕಿ.ಮೀ.ಗೆ ಎಣ್ಣೆ ಬದಲಿಸಿ.

ಕೊನೆಗೆ ಸ್ಪೀಡೋಮೀಟರ್. 3.31ರಿಂದ 3.55ಕ್ಕೆ ಹೋದರೆ ಮುಳ್ಳು ಶೇ 7ರಷ್ಟು ಹೆಚ್ಚು ತೋರಿಸುತ್ತದೆ. ಗೇರ್‌ಬಾಕ್ಸಿನ ಬಾಲದಲ್ಲಿರುವ ಪ್ಲಾಸ್ಟಿಕ್ ಗೇರಿಗೆ 18 ಹಲ್ಲಿದ್ದರೆ 19ರದ್ದು ಹಾಕಿ. ಹತ್ತು ನಿಮಿಷದ ಕೆಲಸ, ಒಂದೇ ಬೋಲ್ಟ್.