ತೇಲುವ ತೋಟದ ಕಿಟ್: ಕೆರೆಗೆ ಇಳಿಸುವ ಮುಂಚೆ ಲೆಕ್ಕ ನೋಡಿ

ತೇಲುವ ತೋಟದ ಕೊಟೇಷನ್ ಕೆರೆ ಸಮಿತಿಯ ಮೇಜಿಗೆ ಬಂತೆಂದರೆ ಅದರಲ್ಲಿ ಮೂರು ಮಾತು ಇದ್ದೇ ಇರುತ್ತವೆ: ಕೊಳಚೆ ನೀರು ತಿಳಿಯಾಗುತ್ತದೆ, ವಾಸನೆ ಹೋಗುತ್ತದೆ, ಹಕ್ಕಿ ಬರುತ್ತವೆ. ಮೂರನೆಯದು ನಿಜ. ಎರಡನೆಯದು ಪುಣ್ಯವಿದ್ದರೆ ನಿಜ. ಮೊದಲನೆಯದನ್ನು ನಂಬಿ ದುಡ್ಡು ಕೊಡುವ ಮುಂಚೆ ಒಂದು ಸಣ್ಣ ಲೆಕ್ಕ ಹಾಕಬೇಕು.

ವಸ್ತು ಸರಳವಾದದ್ದೇ. ಪೈಪಿನ ಚೌಕಟ್ಟು, ಅದಕ್ಕೆ ಬಿಗಿದ ಜಾಲರಿ, ಜಾಲರಿಯ ಮೇಲೆ ತೆಂಗಿನ ನಾರು, ನಾರಿನಲ್ಲಿ ಕಾಬಾಳೆ, ಲಾವಂಚ, ಜೇಕು. ಬೇರಿಗೆ ಮಣ್ಣು ಸಿಗದ ಕಾರಣ ಅದು ನೀರಿನೊಳಗೇ ಗಡ್ಡದ ಹಾಗೆ ಇಳಿಬೀಳುತ್ತದೆ. ಆರು ತಿಂಗಳಾದ ತೆಪ್ಪವನ್ನು ಒಂದು ಮೂಲೆ ಹಿಡಿದು ಎತ್ತಿ ನೋಡಿ: ಬೇರಿನ ಎಳೆ ಎಳೆಗೂ ಕಂದು ಲೋಳೆ ಅಂಟಿರುತ್ತದೆ, ಸಣ್ಣ ಸೀಗಡಿ, ಬಸವನಹುಳು ಉದುರುತ್ತವೆ. ನಿಜವಾದ ಕೆಲಸಗಾರ ಆ ಲೋಳೆ. ತೇಲುವ ಕಸ ಅದಕ್ಕೆ ಅಂಟಿಕೊಳ್ಳುತ್ತದೆ, ಅದರಲ್ಲಿರುವ ಬ್ಯಾಕ್ಟೀರಿಯಾ ಒಂದಷ್ಟು ಸಾರಜನಕವನ್ನು ಅನಿಲವಾಗಿಸಿ ಗಾಳಿಗೆ ಬಿಡುತ್ತದೆ. ಗಿಡ ಹೀರುವುದು ಅದಕ್ಕಿಂತ ಕಡಿಮೆ.

ಈಗ ಲೆಕ್ಕ. ಸುಮಾರು 900 ಜನರ ಮನೆಗಳಿಂದ ದಿನಕ್ಕೆ 1 ಲಕ್ಷ ಲೀಟರ್ ಕೊಳಚೆ ಬರುತ್ತದೆ ಅಂದುಕೊಳ್ಳಿ. ಲೀಟರಿಗೆ 40 ಮಿಲಿಗ್ರಾಂ ಸಾರಜನಕ ಹಿಡಿದರೆ ದಿನಕ್ಕೆ 4 ಕೆಜಿ. ಇತ್ತ 100 ಚದರ ಮೀಟರ್ ತೆಪ್ಪದಲ್ಲಿ ವರ್ಷಕ್ಕೆ ಚದರ ಮೀಟರಿಗೆ 2 ಕೆಜಿ ಒಣ ಸೊಪ್ಪು ಕೊಯ್ದಿರಿ, ಅದರಲ್ಲಿ ಎರಡೂವರೆ ಪರ್ಸೆಂಟ್ ಸಾರಜನಕ ಇದೆ ಅಂದರೆ ವರ್ಷವಿಡೀ ಹೊರಹೋದದ್ದು 5 ಕೆಜಿ. ರಾಜಕಾಲುವೆ ಅಷ್ಟನ್ನು ಒಂದೂಕಾಲು ದಿನದಲ್ಲಿ ತಂದು ಸುರಿಯುತ್ತದೆ. ಲೋಳೆಯ ಬ್ಯಾಕ್ಟೀರಿಯಾ ಇನ್ನಷ್ಟು ತೆಗೆಯುತ್ತದೆ, ಸರಿ. ಒಟ್ಟು ಹತ್ತು ಪಟ್ಟು ಎಂದು ಧಾರಾಳವಾಗಿ ಹಿಡಿದರೂ 50 ಕೆಜಿ, ಅಂದರೆ ಹದಿಮೂರು ದಿನದ ಕೊಳಚೆಗೂ ಸಾಲದು. ರಂಜಕಕ್ಕೆ ಆ ದಾರಿಯೂ ಇಲ್ಲ, ಅದು ಅನಿಲವಾಗಿ ಹಾರಿಹೋಗುವುದಿಲ್ಲ. ಸೊಪ್ಪಿನ ಜೊತೆಗೆ ಅಥವಾ ಹೂಳಿನ ಜೊತೆಗೆ ಹೊರಗೆ ಹೊತ್ತೇ ತೆಗೆಯಬೇಕು.

ಆದ್ದರಿಂದ ಹಸಿ ಕೊಳಚೆ ಬರುತ್ತಿರುವ ಕೆರೆಗೆ ಈ ಕಿಟ್ ಕೊಳ್ಳಬೇಡಿ. ಕೊಳಚೆ ತಿರುಗಿಸಿಯಾದ ಮೇಲೆ, ಅಥವಾ ಎಸ್‌ಟಿಪಿಯಲ್ಲಿ (ಕೊಳಚೆ ಶುದ್ಧೀಕರಣ ಘಟಕದಲ್ಲಿ) ಶುದ್ಧವಾದ ನೀರು ಮಾತ್ರ ಬರುವ ಕಡೆ, ಉಳಿದ ಕೊನೆಯ ಕೊಳೆ ತೆಗೆಯಲು ಇದು ಯೋಗ್ಯ. ಬೆಂಗಳೂರಿನ ಜಕ್ಕೂರು ಕೆರೆಯ ಕ್ರಮ ನೋಡಿ: ಜಲಮಂಡಳಿಯ ಎಸ್‌ಟಿಪಿ, ಮೊದಲಿಗೆ ದಿನಕ್ಕೆ 1 ಕೋಟಿ ಲೀಟರಿನದು, ಮೊದಲು ತನ್ನ ಕೆಲಸ ಮಾಡುತ್ತದೆ, ಆ ನೀರು ಜೊಂಡು ಬೆಳೆದ ಜೌಗನ್ನು ದಾಟಿ ಕೆರೆ ಸೇರುತ್ತದೆ. ಅದು ನೆಲದಲ್ಲಿ ಬೇರೂರಿದ ಜೌಗು, ತೆಪ್ಪವಲ್ಲ. ಕೆರೆಗೆ ನೀರು ಬರುವ ಬಾಯಲ್ಲಿ ಅಂಥ ಜಾಗ ಉಳಿದಿದ್ದರೆ ಆ ದುಡ್ಡನ್ನು ಅಲ್ಲೇ ಹಾಕಿ. ಏರಿ ಸುತ್ತ ಕಡಿದಾಗಿ ಅಗೆದು ಸಾಂಬಾರ್ ಬೋಗುಣಿಯಂತೆ ಮಾಡಿಟ್ಟ ಕೆರೆಗಳಲ್ಲಿ ಜೊಂಡಿಗೆ ಕಾಲೂರಲು ಜಾಗವೇ ಇರುವುದಿಲ್ಲ. ತೆಪ್ಪ ಅರ್ಥಪೂರ್ಣವಾಗುವುದು ಅಲ್ಲಿ.

ಮಾರುಕಟ್ಟೆಯಲ್ಲಿ ಮೂರು ಬಗೆಯವು ಸಿಗುತ್ತವೆ. ಬಿದಿರು ಮತ್ತು ಥರ್ಮಾಕೋಲಿನದು ಅಗ್ಗ. ಹೈದರಾಬಾದಿನ ನೆಕ್ನಾಂಪುರ ಕೆರೆಯಲ್ಲಿ 2018ರಲ್ಲಿ ಬಿಟ್ಟ ಸುಮಾರು 3,000 ಚದರ ಅಡಿಯ ತೋಟ ಈ ಮಾದರಿಯದೇ. ಬಿದಿರು, ಥರ್ಮಾಕೋಲ್, ಗೋಣಿಚೀಲ, ಜಲ್ಲಿ. ಮಾದರಿಗೆ ಹೆಸರು ಬಂತು, ಆದರೆ ಥರ್ಮಾಕೋಲ್ ಬಿಸಿಲಿಗೆ ಪುಡಿಯಾಗಿ ಮೀನಿನ ಹೊಟ್ಟೆ ಸೇರುವ ವಸ್ತು; ಕೆರೆ ಉಳಿಸಲು ಹೊರಟವರು ಅದನ್ನು ಕೆರೆಗೆ ಹಾಕುವುದು ಬೇಡ. ಹಸಿ ಬಿದಿರಿಗೆ ಒಂದೆರಡು ವರ್ಷದ ಆಯುಸ್ಸು. ಎರಡನೆಯದು ಪಿವಿಸಿ ಪೈಪಿನದು. ಮೂರನೆಯದು ಒಂದಕ್ಕೊಂದು ಕೊಂಡಿ ಹಾಕುವ ಗಟ್ಟಿ ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ಅಚ್ಚು. ತಾಳಿಕೆಯಲ್ಲಿ ಮೂರನೆಯದೇ ಮೇಲು, ಕೈಗೆಟಕುವ ದುಡ್ಡಿಗೆ ಎರಡನೆಯದು.

ಪಿವಿಸಿಯಲ್ಲಿ ಮೋಸ ಹೋಗುವುದು ಮೂಲೆಯಲ್ಲಿ. 110 ಮಿಮೀ ಪೈಪ್ ಮೀಟರಿಗೆ ಒಂಬತ್ತೂವರೆ ಲೀಟರ್ ನೀರು ಸರಿಸುತ್ತದೆ. ಪೈಪಿನ ತೂಕ ಕಳೆದರೆ ಮೀಟರಿಗೆ ಸುಮಾರು 8 ಕೆಜಿ ಹೊರುತ್ತದೆ. 2 ಮೀಟರ್ ಉದ್ದ, 1 ಮೀಟರ್ ಅಗಲ, ನಡುವೆ ಒಂದು ಅಡ್ಡಪೈಪ್ ಅಂದರೆ 7 ಮೀಟರ್, 56 ಕೆಜಿ. ನೆನೆದ ನಾರು, ಬೆಳೆದ ಕಾಬಾಳೆ, ಮೇಲೆ ಕೂರುವ ನೀರುಕಾಗೆಗಳ ಹಿಂಡು ಸೇರಿದರೆ 40–50 ಕೆಜಿ ಸುಲಭವಾಗಿ ಆಗುತ್ತದೆ. ಜಲ್ಲಿ ಹಾಕಿದರೆ ಮುಳುಗಿತು ಅಂತಲೇ. ಮೂಲೆಗೆ ಎಲ್ಬೋ (ಬಾಗಿದ ಜೋಡಣೆ) ಹಾಕಿ ಅಂಟಿಸಿದ ಚೌಕಟ್ಟಿನೊಳಗೆ ಎಲ್ಲ ಪೈಪೂ ಒಂದೇ ಕೊಳವೆ; ಒಂದು ಕಡೆ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಇಡೀ ಚೌಕಟ್ಟು ನೀರು ಕುಡಿಯುತ್ತದೆ. ಪ್ರತಿ ಪೈಪಿನ ಎರಡೂ ತುದಿಗೆ ಬೇರೆ ಬೇರೆ ಕ್ಯಾಪ್ ಹಾಕಿ, ಚೌಕಟ್ಟನ್ನು ಕ್ಲಾಂಪಿನಿಂದ ಕಟ್ಟಿರಬೇಕು. ಇನ್ನೂ ಭದ್ರ ಬೇಕೆಂದರೆ ಮುಚ್ಚಳ ಬಿಗಿದ 1 ಲೀಟರಿನ ಖಾಲಿ ನೀರಿನ ಬಾಟಲಿಗಳನ್ನು ಪೈಪಿನೊಳಗೆ ಸಾಲಾಗಿ ತುರುಕಿ; ಪೈಪ್ ಒಡೆದರೂ ತೇಲುತ್ತದೆ. ಬಿಳಿ ಕೇಬಲ್ ಟೈ ಬಿಸಿಲಿಗೆ ಪಟಪಟನೆ ತುಂಡಾಗುತ್ತದೆ, ಕಟ್ಟಲು ಎಚ್‌ಡಿಪಿಇ ಹಗ್ಗವೇ ಸರಿ. ಮೀನಿನ ಬಲೆಯನ್ನು ಜಾಲರಿಯಾಗಿ ಕೊಟ್ಟರೆ ವಾಪಸ್ ಕಳಿಸಿ: ಆಮೆ, ನೀರುಹಾವು, ನೀರುಕಾಗೆ ಸಿಕ್ಕಿಹಾಕಿಕೊಂಡು ಸಾಯುತ್ತವೆ. ಗಟ್ಟಿ ಪ್ಲಾಸ್ಟಿಕ್ ಜಾಲರಿ ಇರಲಿ.

ಗಿಡ ಚದರ ಮೀಟರಿಗೆ 9ರಿಂದ 12. ಬೇರಿನ ಮಣ್ಣು ಪೂರ್ತಿ ತೊಳೆದು, ಎಲೆಯನ್ನು ಒಂದು ಗೇಣಿಗೆ ಕತ್ತರಿಸಿ ನಡಬೇಕು. ಕಾಬಾಳೆ ಬೇಗ ಹಿಡಿಯುತ್ತದೆ. ಲಾವಂಚ ಮೊದಲ ತಿಂಗಳು ಸತ್ತಂತೆ ಕಾಣುತ್ತದೆ, ಕಿತ್ತೆಸೆಯಬೇಡಿ. ಜೂನ್–ಜುಲೈ ನಾಟಿಗೆ ಹದ. ಏಪ್ರಿಲ್‌ನಲ್ಲಿ ಉದ್ಘಾಟನೆ ಇಟ್ಟುಕೊಂಡವರ ಗಿಡ ಅರ್ಧ ಒಣಗುತ್ತದೆ. ಎಳೆ ಚಿಗುರು ಅಂದರೆ ಜಂಬುಕೋಳಿಗೆ ಹಬ್ಬ, ಆರೆಂಟು ವಾರ ಮೇಲೆ ಕಮಾನಿನ ಹಾಗೆ ಜಾಲರಿ ಮುಚ್ಚಿ. ಮರೆಯುವ ಶತ್ರು ಕೆಳಗಿರುತ್ತದೆ: ಕೆರೆಯ ಮೀನಿನ ಗುತ್ತಿಗೆದಾರರು ಹುಲ್ಲುಗೆಂಡೆ (ಗ್ರಾಸ್ ಕಾರ್ಪ್ ಮೀನು) ಬಿಟ್ಟಿದ್ದರೆ ಅದು ಬೇರನ್ನೇ ಮೇಯುತ್ತದೆ. ಮೇಲೆ ಗಿಡ ಹಳದಿಯಾಗುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಕೆರೆ ತುಂಬ ಹಬ್ಬುವ ಕಳೆ ವಾಟರ್ ಹಯಸಿಂತ್ ಅನ್ನು "ಇದೂ ಶುದ್ಧ ಮಾಡುತ್ತದೆ" ಎಂದು ಯಾರಾದರೂ ಸೇರಿಸಲು ಬಂದರೆ ಬಾಗಿಲಲ್ಲೇ ತಡೆಯಿರಿ.

ಲಂಗರಿನ ವಿಷಯ ಕೊಟೇಷನ್ನಿನಲ್ಲಿ ಒಂದೇ ಸಾಲು ಇರುತ್ತದೆ, ತೆಪ್ಪ ಹಾಳಾಗುವುದು ಬಹುಪಾಲು ಅದರಿಂದ. ಬೇಸಿಗೆಗೂ ಮಳೆಗಾಲಕ್ಕೂ ಕೆರೆಯ ಮಟ್ಟ ಒಂದೂವರೆ, ಎರಡು ಮೀಟರ್ ಏರಿಳಿಯಬಹುದು. ಹಗ್ಗ ಗಿಡ್ಡವಾದರೆ ಮಳೆಗಾಲದಲ್ಲಿ ತೆಪ್ಪದ ಒಂದು ಪಕ್ಕ ಮುಳುಗುತ್ತದೆ. ತೀರಾ ಉದ್ದವಾದರೆ ಗಾಳಿಗೆ ದಡಕ್ಕೆ ಹೋಗಿ ಕೂತು, ಬೇರು ಹೂಳಿಗೆ ಇಳಿದು, ನೀರು ಏರಿದಾಗ ಮೇಲೇಳಲಾಗದೆ ಮುಳುಗುತ್ತದೆ. ಕೋಡಿ ಬೀಳುವ ಮಟ್ಟದಲ್ಲಿ ಎಷ್ಟು ಆಳವೋ ಅದರ ಒಂದೂವರೆ ಪಟ್ಟು ಹಗ್ಗ, ಪ್ರತಿ ಗುಂಪಿಗೆ ಎರಡು ತುದಿಯಲ್ಲಿ 40–50 ಕೆಜಿಯ ಕಾಂಕ್ರೀಟ್ ಗುಂಡು. ಕಡು ಬೇಸಿಗೆಯಲ್ಲೂ ತೆಪ್ಪದಡಿ ಒಂದು ಮೀಟರ್ ನೀರಿರಬೇಕು. ಫೋಟೊಗೆ ಚೆಂದ ಎಂದು ಕೆರೆಯ ನಡುವೆ ಚದುರಿಸಿದರೆ ಉಪಯೋಗವಿಲ್ಲ, ನೀರು ಪಕ್ಕದಿಂದ ಹೋಗುತ್ತದೆ. ನೀರು ಒಳಬರುವ ಬಾಯಲ್ಲಿ, ಹೂಳು ನಿಲ್ಲುವ ಗುಂಡಿ ದಾಟಿದ ಮೇಲೆ, ಹರಿವಿಗೆ ಅಡ್ಡ ಸಾಲಾಗಿ ಕಟ್ಟಿ. ಕೋಡಿ ಮತ್ತು ತೂಬಿನ ಹತ್ತಿರ ಮಾತ್ರ ಬೇಡವೇ ಬೇಡ. ಪ್ರವಾಹದ ರಾತ್ರಿ ಹಗ್ಗ ಹರಿದ ತೆಪ್ಪ ಕೋಡಿಗೆ ಅಡ್ಡ ನಿಂತರೆ ನೀರು ಕೆರೆಯ ಏರಿಯ ಮೇಲೆ ಹತ್ತುತ್ತದೆ.

ಕಿಟ್ಟಿನ ಜೊತೆ ತಗುಲಿಸುವ ಎರಡು ಸರಕಿನ ಬಗ್ಗೆ ಚುಟುಕಾಗಿ. ಬ್ಯಾಕ್ಟೀರಿಯಾ ಪುಡಿ: ಕೊಳೆತ ಕೆರೆಯಲ್ಲಿ ಬ್ಯಾಕ್ಟೀರಿಯಾಕ್ಕೆ ಬರವಿಲ್ಲ, ಬರ ಇರುವುದು ಆಮ್ಲಜನಕಕ್ಕೆ. ಇದು ಬೇಡ. ಏರೇಟರ್ (ನೀರಿಗೆ ಗಾಳಿ ಸೇರಿಸುವ ಯಂತ್ರ): ಬೇಕಾಗಬಹುದು, ಆದರೆ ಸಂಜೆ ವಾಕಿಂಗ್ ಬರುವವರ ಮುಂದೆ ಕಾರಂಜಿ ಚಿಮ್ಮಿಸುವುದಕ್ಕಲ್ಲ. ಪಾಚಿ ಹಗಲಲ್ಲಿ ತಾನೇ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೂ ಉಸಿರಾಡುತ್ತದೆ; ಮಟ್ಟ ತಳ ಮುಟ್ಟುವುದು ನಸುಕಿನಲ್ಲಿ. ಮೀನು ಬದುಕಲು ಲೀಟರಿಗೆ 4 ಮಿಲಿಗ್ರಾಂ ಇರಬೇಕೆನ್ನುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ನಡುರಾತ್ರಿಯಿಂದ ಬೆಳಿಗ್ಗೆ ಏಳರ ತನಕ ಓಡಿಸಿ. 1 ಎಚ್‌ಪಿ ಯಂತ್ರ ಆ ಏಳು ಗಂಟೆಗೆ ಐದಾರು ಯೂನಿಟ್ ತಿನ್ನುತ್ತದೆ, ಬಿಲ್ ಯಾರ ಹೆಸರಿಗೆ ಎಂದು ಮೊದಲೇ ಬರೆಸಿ. ತಳದಿಂದ ಗುಳ್ಳೆ ಬಿಡುವ ಯಂತ್ರವನ್ನು ಹಳೆಯ ಹೂಳಿರುವ ಕೆರೆಯಲ್ಲಿ ಮೊದಲ ದಿನವೇ ಪೂರ್ತಿ ಓಡಿಸಬಾರದು; ತಳದ ವಿಷಗಾಳಿ ಮೇಲೆದ್ದು ಮೀನು ಸಾಯುತ್ತದೆ. ಅರ್ಧ ಗಂಟೆಯಿಂದ ಶುರುಮಾಡಿ ದಿನದಿನಕ್ಕೆ ಹೆಚ್ಚಿಸಿ.

ವಸ್ತುವಿಗೆ ನಮ್ಮ ಅಂಕ 5ಕ್ಕೆ 3, ಜೊತೆಗೆ ಬರುವ ಸೇವೆಗೆ ಒಂದೂವರೆ. ಒಪ್ಪಂದದಲ್ಲಿ ಸಾಮಾನ್ಯವಾಗಿ ಬರೆದಿರುವುದು "ಒಂದು ವರ್ಷ ನಿರ್ವಹಣೆ". ಅದರಲ್ಲಿ ಕೊಯ್ಲು ಇದೆಯೇ ಎಂದು ಕೇಳಿ. ಮೂರು ತಿಂಗಳಿಗೊಮ್ಮೆ ನೀರಿನಿಂದ ಒಂದು ಗೇಣು ಮೇಲೆ ಕೊಯ್ದು ಸೊಪ್ಪನ್ನು ದಡಕ್ಕೆ ತರದಿದ್ದರೆ ಎಲೆ ಬಾಗಿ ಬಿದ್ದು ಕೊಳೆಯುತ್ತದೆ, ಹೀರಿದ್ದೆಲ್ಲ ಮತ್ತೆ ನೀರಿಗೇ. ಹರಿಗೋಲು ಯಾರದು, ಆಳು ಎಷ್ಟು, ಪ್ರತಿ ಕೊಯ್ಲಿನ ಹಸಿ ತೂಕವನ್ನು ಯಾರು ಬರೆದಿಡುತ್ತಾರೆ, ಸೊಪ್ಪು ಎಲ್ಲಿಗೆ ಹೋಗುತ್ತದೆ, ಇಷ್ಟೂ ಕಾಗದದ ಮೇಲೆ ಇರಲಿ. ಕಾರ್ಖಾನೆ ನೀರು ಸೇರುವ ಕೆರೆಯದಾದರೆ ಆ ಸೊಪ್ಪನ್ನು ದನಕ್ಕೆ ಹಾಕಬೇಡಿ, ತರಕಾರಿ ಗೊಬ್ಬರಕ್ಕೂ ಬೇಡ. ಮತ್ತು ಹಣದ ಕೊನೆಯ ಕಂತನ್ನು ಉದ್ಘಾಟನೆಯ ದಿನ ಕೊಡದೆ ನಾಲ್ಕನೇ ಕೊಯ್ಲಿನ ತೂಕದ ಚೀಟಿ ಕೈಗೆ ಬಂದ ಮೇಲೆ ಕೊಡಿ.