ಸರ್ಕಾರಿ ಆಸ್ಪತ್ರೆಯಿಂದ ದೊರೆತ ವಿಗ್: ವರ್ಷ ದಾಟಿದ ಬಳಕೆಯ ನಂತರ

ಸ್ತನ ಕ್ಯಾನ್ಸರ್‌ಗೆ ಕೀಮೋಥೆರಪಿ ಪಡೆಯುತ್ತಿದ್ದಾಗ ಸರ್ಕಾರಿ ಆಸ್ಪತ್ರೆಯೊಂದರ ಮೂಲಕ ಉಚಿತವಾಗಿ ದೊರೆತ ಸಿಂಥೆಟಿಕ್ ವಿಗ್ಗನ್ನು ಇಂಡಿ ತಾಲ್ಲೂಕಿನ ನಮ್ಮ ಊರಿನಲ್ಲಿ ಒಂದು ಪೂರ್ತಿ ಬೇಸಿಗೆ ದಾಟುವವರೆಗೆ ಬಳಸಿ ನೋಡಿ ಈ ವಿಮರ್ಶೆ ಬರೆಯುತ್ತಿದ್ದೇನೆ. ವಿಗ್ ಚೆನ್ನಾಗಿದೆ, ಅದು ಕೈಸೇರಿದ ಹೊತ್ತು ಸರಿಯಿರಲಿಲ್ಲ.

ಡಾಕ್ಸೊರುಬಿಸಿನ್, ಪ್ಯಾಕ್ಲಿಟ್ಯಾಕ್ಸೆಲ್‌ನಂತಹ ಔಷಧಿಗಳಿಂದ ಕೂದಲು ಉದುರುವುದು ಸಾಮಾನ್ಯವಾಗಿ ಮೊದಲ ಡೋಸಿನ 2–3 ವಾರಗಳಲ್ಲಿ ಶುರುವಾಗುತ್ತದೆ. ಇದು ಆಸ್ಪತ್ರೆಯವರಿಗೆ ಗೊತ್ತಿರುವ ವಿಷಯವೇ. ಆದರೂ ವಿಗ್ಗಿನ ಮಾತು ಬಂದದ್ದು ನನ್ನ ತಲೆ ಪೂರ್ತಿ ಬೋಳಾದ ಮೇಲೆ. ಕಪಾಟಿನಲ್ಲಿದ್ದ ಎರಡರಲ್ಲಿ ಒಂದು ಕೆಂಚಗಿತ್ತು, ಇನ್ನೊಂದು ಕಡುಕಪ್ಪು, ಕಪ್ಪನ್ನೇ ತಂದೆ. ಕಿವಿಯ ಬಳಿ ನರೆ ಬೆರೆತಿದ್ದ ನನ್ನ ಜಡೆಯನ್ನು ಅಲ್ಲಿ ಯಾರೂ ನೋಡಿರಲಿಲ್ಲವಾದ್ದರಿಂದ ಬಣ್ಣ ಹೊಂದಿಸುವುದಕ್ಕೆ ಆಧಾರವೇ ಇರಲಿಲ್ಲ. ಹಿಂಬದಿಯ ಎಲಾಸ್ಟಿಕ್ ಪಟ್ಟಿಯನ್ನು ಕೊನೆಯ ಕೊಂಡಿಗೆ ಸಿಕ್ಕಿಸಿದರೂ ಸಡಿಲವೇ ಆಗಿತ್ತು. ಕೊನೆಗೆ ನಾದಿನಿ ಒಳಗಡೆ ಎರಡು ಟಕ್ಸ್ ಹಾಕಿ ಹೊಲಿದುಕೊಟ್ಟರು.

ನಮ್ಮ ಕಡೆಯ ಹೆಂಗಸರಿಗೆ ಮುಖ್ಯವಾಗಿ ಹೇಳಬೇಕಾದದ್ದು ಒಲೆಯ ವಿಷಯ. ಸಿಂಥೆಟಿಕ್ ಎಳೆ ಶಾಖ ತಡೆಯುವುದಿಲ್ಲ. ಜೋಳದ ರೊಟ್ಟಿಯನ್ನು ಹಂಚಿನಿಂದ ಎತ್ತಿ ಉರಿಗೆ ಹಿಡಿದು ಉಬ್ಬಿಸುವಾಗ ಹಣೆಯ ಮೇಲಿನ ಎಳೆಗಳು ಸದ್ದಿಲ್ಲದೆ ಮುದುಡಿ, ಮುಟ್ಟಿದರೆ ಕಸಬರಿಗೆಯ ಕಡ್ಡಿಯಂತೆ ಒರಟಾಗಿದ್ದವು, ಮತ್ತೆ ನೆಟ್ಟಗಾಗಲಿಲ್ಲ. ಜೊತೆಗೆ ಕೊಟ್ಟ ಚೀಟಿ ಇಂಗ್ಲಿಷಿನಲ್ಲಿತ್ತು. ಈ ಎಚ್ಚರಿಕೆ ಅದರಲ್ಲಿ ಇದ್ದಿರಲೂಬಹುದು. ಈಗ ಅಡುಗೆಮನೆಯಲ್ಲಿ ವಿಗ್ ತೆಗೆದಿಟ್ಟು ಹತ್ತಿಯ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಹಿರಿಯರೆದುರು ತಲೆಯ ಮೇಲೆ ಸೆರಗು ಹೊದ್ದಾಗ ವಿಗ್ ಹಿಂದಕ್ಕೆ ಜಾರುತ್ತಿತ್ತು. ಒಳಗೆ ತೆಳುವಾದ ಹತ್ತಿಯ ಟೋಪಿ ಹಾಕಿದ ಮೇಲೆ ಜಾರುವುದೂ ನಿಂತಿತು, ಏಪ್ರಿಲ್-ಮೇ ತಿಂಗಳ ಬೆವರಿನ ತುರಿಕೆಯೂ ತಗ್ಗಿತು.

ನಿರ್ವಹಣೆ ಸುಲಭ: ತಣ್ಣೀರು, ಸ್ವಲ್ಪ ಶಾಂಪೂ, ನೆರಳಿನಲ್ಲಿ ಒಣಗಿಸುವುದು, ಒಣಗಿದ ಮೇಲೆಯೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಕಡೆಯಿಂದ ಬಾಚುವುದು. ದಿನವೂ ಧರಿಸಿದರೆ ಇಂತಹ ವಿಗ್ ಸುಮಾರು ಆರು ತಿಂಗಳು ಅಂದವಾಗಿರುತ್ತದೆ ಎನ್ನುತ್ತಾರೆ, ಅದು ನಿಜ; ನನ್ನದರಲ್ಲಿ ಕುತ್ತಿಗೆಗೆ ಉಜ್ಜುವ ಭಾಗ ಮೊದಲು ಗಂಟುಗಟ್ಟಿತು. ನನ್ನ ಸ್ವಂತ ಕೂದಲು ಬಂದಿದೆಯಾದರೂ ಇನ್ನೂ ಗಿಡ್ಡವಾಗಿರುವುದರಿಂದ ಮದುವೆ-ಮುಂಜಿಗೆ ಇದನ್ನೇ ಧರಿಸುತ್ತೇನೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ, ನನ್ನ ಕೀಮೋ ನಡೆದದ್ದೂ ಅದರಲ್ಲಿಯೇ. ವಿಗ್ ಮಾತ್ರ ದಾನಿಗಳಿಂದ ಬಂದದ್ದು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ವಿಗ್ಗಿಗೆ ನಿಗದಿತ ಶುಲ್ಕ ಇಟ್ಟು, ಒಳರೋಗಿಗಳಿಗೂ 16 ವರ್ಷದೊಳಗಿನ ಮಕ್ಕಳಿಗೂ ಉಚಿತವಾಗಿ ಕೊಡುತ್ತದೆ. ನಮ್ಮಲ್ಲಿ ಅಷ್ಟಾಗುವ ಮುನ್ನವೇ, ಮೊದಲ ಡೋಸಿನ ದಿನ ತಲೆಯ ಸುತ್ತಳತೆ ತೆಗೆದು, ಕೂದಲಿನ ಫೋಟೊ ಒಂದನ್ನು ಫೈಲಿಗೆ ಸೇರಿಸುವುದಕ್ಕೆ ಹಣವೇನೂ ಬೇಕಿಲ್ಲ. ಆಸ್ಪತ್ರೆಯವರು ಕೇಳದಿದ್ದರೆ ರೋಗಿಯ ಜೊತೆಗೆ ಹೋದವರೇ ಅಂದು ನರ್ಸ್ ಬಳಿ ವಿಗ್ಗಿನ ಮಾತು ಎತ್ತಬೇಕು.