ಚಿಗರಿ ಕಾಯಲು ಡೇರೆಯೋ, ಅಟ್ಟವೋ, ಕಂಬಳಿಯೋ?

ಮೊದಲೇ ಹೇಳಿಬಿಡುತ್ತೇನೆ, ಚಿಗರಿಯ, ಅಂದರೆ ಕೃಷ್ಣಮೃಗದ, ಫೋಟೊ ತೆಗೆಯಲು ಅಡಗಿ ಕೂರುವುದರಲ್ಲಿ ಗೆದ್ದದ್ದು ಕಂಬಳಿ. ₹4,500 ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ ಡೇರೆ ಸೋತಿತು. ಆ ದುಡ್ಡಿನ ಸಂಕಟಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದೆಲ್ಲ ಶುರುವಾದದ್ದು ಅಮೆರಿಕದ ಬಿಲ್ಲು ಬೇಟೆಗಾರರ ವಿಡಿಯೊಗಳಿಂದ. ಅಲ್ಲಿನ ಬಿಳಿಬಾಲದ ಜಿಂಕೆಗಳಿಗೆ ನವೆಂಬರ್ ಸುಮಾರಿಗೆ ಬೆದೆಗಾಲ. ಬೇಟೆಗಾರ 15–20 ಅಡಿ ಎತ್ತರದಲ್ಲಿ ಮರಕ್ಕೆ ಅಟ್ಟ ಕಟ್ಟಿ ಕೂರುತ್ತಾನೆ. ಗಂಡು ಜಿಂಕೆ ಕಾಲಲ್ಲಿ ಕೆರೆದಿಟ್ಟ ನೆಲಕ್ಕೆ ಬಾಟಲಿಯಲ್ಲಿ ಸಿಗುವ ಹೆಣ್ಣು ಜಿಂಕೆಯ ಮೂತ್ರ ಚಿಮುಕಿಸುತ್ತಾನೆ. ತನ್ನ ಮೈಗೆ ವಾಸನೆ ಮುಚ್ಚುವ ಸ್ಪ್ರೇ ಹೊಡೆದುಕೊಳ್ಳುತ್ತಾನೆ. ನನ್ನ ಕೈಯಲ್ಲಿ ಬಿಲ್ಲಿಲ್ಲ, ಕ್ಯಾಮೆರಾ ಇದೆ. ನಮ್ಮಲ್ಲಿ ಚಿಗರಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿದೆ. ಬೇಟೆಗೆ ಹೋದರೆ ಜೈಲು. ಆದರೂ ಹತ್ತಿರ ಹೋಗಿ ಸದ್ದಿಲ್ಲದೆ ಕೂರುವ ಕೆಲಸ ಇಬ್ಬರಿಗೂ ಒಂದೇ ಅಲ್ವಾ ಅಂದುಕೊಂಡೆ.

ಒಂದೇ ಅಲ್ಲ. ಅವರದು ಕಾಡು. ಕೊಪ್ಪಳ ಜಿಲ್ಲೆಯ ಕುಕನೂರು, ಯಲಬುರ್ಗಾ ಕಡೆಯ ಎರೆ ಹೊಲದಲ್ಲಿ, ಅಂದರೆ ಕರಿ ಮಣ್ಣಿನ ಹೊಲದಲ್ಲಿ, ನಿಂತರೆ ಆಕಾಶ ಮುಟ್ಟುವವರೆಗೂ ಬಯಲು. ಬಯಲಲ್ಲಿ ಬದುಕುವ ಚಿಗರಿಗೆ ಮೂಗಿಗಿಂತ ಕಣ್ಣು ಮುಖ್ಯ. ನಾನು ಇದನ್ನು ತಿಳಿದದ್ದು ಡೇರೆ ಕೊಂಡ ಮೇಲೆ.

ಚಿಗರಿಗೆ ಬೆದೆ ವರ್ಷಕ್ಕೆ ಎರಡು ಸಲ ಜೋರಾಗಿರುತ್ತದೆ: ಮಾರ್ಚ್‌ನಿಂದ ಮೇ, ಆಮೇಲೆ ಆಗಸ್ಟ್‌ನಿಂದ ಅಕ್ಟೋಬರ್. ನಾನು ಹೋದದ್ದು ಆಗಸ್ಟ್‌ನಲ್ಲಿ, ಹೆಸರು ಕೀಳುವ ಹೊತ್ತಿಗೆ. ಹೊಲದ ಯಜಮಾನರು ಪರಿಚಯದ ಕಾಕಾ. ಡೇರೆ ಬಿಚ್ಚುವುದನ್ನು ನೋಡಿ, "ತಮ್ಮಾ, ಇದನ್ನ ಕಂಡ್ರ ನಮ್ಮ ಎತ್ತ ಬೆದರತಾವು. ಚಿಗರಿ ಬರ್ತಾವೇನು?" ಅಂದರು. "ಬರ್ತಾವ್ರೀ ಕಾಕಾ, ವಿಡಿಯೊದಾಗ ನೋಡೀನಿ" ಅಂದೆ.

ಡೇರೆಯ ಬಟ್ಟೆ ಚೆನ್ನಾಗಿತ್ತು, ಒಳಗೆ ಕುರ್ಚಿಯೂ ಹಿಡಿಸುತ್ತಿತ್ತು. ಕಾಟ ಕೊಟ್ಟದ್ದು ಗೂಟ. ಕಂಪನಿಯವರು ಕೊಟ್ಟದ್ದು ಗೇಣುದ್ದದ ತಂತಿ ಗೂಟಗಳು. ಎರೆ ಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ, ನೆನೆದರೆ ಬೆಣ್ಣೆಯಾಗುತ್ತದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಗೂಟ ಸಲೀಸಾಗಿ ಇಳಿಯಿತು, ಅಷ್ಟೇ ಸಲೀಸಾಗಿ ಮೇಲೆ ಬಂತು. ಮುಂಗಾರಿನ ಪಡುಗಾಳಿ ಬೀಸಿದಾಗಲೆಲ್ಲ ಒಂದು ಮೂಲೆ ಎದ್ದು ಪಟಪಟ ಅನ್ನುತ್ತಿತ್ತು. ಕಲ್ಲು ಹೇರೋಣ ಅಂದರೆ ಎರೆ ಹೊಲದಲ್ಲಿ ಕಲ್ಲೆಲ್ಲಿ? ನೀರಿನ ಬಾಟಲಿ ಕಟ್ಟಿದೆ, ಚೀಲ ಕಟ್ಟಿದೆ, ಕೊನೆಗೆ ನನ್ನ ಒಂದು ಬೂಟನ್ನೂ ಕಟ್ಟಿದೆ. ಮೂಲೆ ನಿಂತಿತು. ಆಗ ಡೇರೆಯ ಚಾವಣಿ ಕುಣಿಯಲು ಶುರು ಮಾಡಿತು.

ಮುಕ್ಕಾಲು ತಾಸಿನ ಮೇಲೆ ಒಂದು ಹಿಂಡು ಬಂತು. ಇನ್ನೂರು ಮೀಟರ್ ದೂರದಲ್ಲೇ ಒಂದು ಹೆಣ್ಣು ನಿಂತು, ಕಿವಿ ಮುಂದೆ ಮಾಡಿ, ಡೇರೆಯನ್ನೇ ನೋಡಿತು. ಪಟ್ ಅಂತ ಒಂದು ಸದ್ದು. ಅಷ್ಟೇ, ಇಡೀ ಹಿಂಡು ಸ್ಪ್ರಿಂಗ್ ಹಾಕಿದಂತೆ ಜಿಗಿಯುತ್ತಾ ಹೋಯಿತು. ಮೂರು ಭಾನುವಾರ ಇದೇ ಕಥೆ. ವಾಪಸ್ ಕಳಿಸೋಣ ಅಂದರೆ ಅವಧಿ ಮುಗಿದಿತ್ತು, ಮಣ್ಣು ಬೇರೆ ಮೆತ್ತಿತ್ತು.

ಅಟ್ಟ ಪುಕ್ಕಟೆ. ಪಕ್ಕದ ಮೆಕ್ಕೆಜೋಳದಲ್ಲಿ ಹಂದಿ ಕಾಯಲು ಕಟ್ಟಿದ್ದು. ಮೇಲಿಂದ ಫೋಟೊ ತೆಗೆದರೆ ಕೋಡಿನ ಸುರುಳಿ ಕರಿ ಮಣ್ಣಲ್ಲಿ ಕರಗಿಹೋಗುತ್ತದೆ, ಮೇಲೆ ಕೂತ ನಾನು ಮಾತ್ರ ಆಕಾಶಕ್ಕೆ ಎದುರಾಗಿ ಊರಿಗೆಲ್ಲ ಕಾಣುತ್ತೇನೆ.

ಬೈಕ್ ಮೇಲೇ ಕೂತು ತೆಗೆಯಬಹುದು ಅನ್ನುವವರಿದ್ದಾರೆ. ಮಳೆಯಾದ ಎರೆ ದಾರಿಯಲ್ಲಿ ಮಡ್‌ಗಾರ್ಡ್‌ಗೆ ಮಣ್ಣು ಕಚ್ಚಿ ಚಕ್ರವೇ ತಿರುಗದಾಗ ಅವರು ಬಂದು ತಳ್ಳಲಿ.

ನಾಲ್ಕನೇ ವಾರ ಕಾಕಾ ತಮ್ಮ ಕರಿ ಕಂಬಳಿ ಕೊಟ್ಟರು. ಹುಣಸೆ ಬೀಜದ ಗಂಜಿ ಹಾಕಿ ಬಿಗಿಯಾದ ಕಂಬಳಿ ಅದು, ಗಾಳಿಗೆ ಅಲ್ಲಾಡುವುದಿಲ್ಲ. ಕೊಪ್ಪೆ ಹಾಕಿಕೊಂಡು ಬದುವಿಗೆ ಒರಗಿ ಕೂತರೆ ಕರಿ ಮಣ್ಣಿನ ಇನ್ನೊಂದು ಹೆಂಟೆಯಂತೆ ಕಾಣುತ್ತೇವೆ. ತಲೆ ಬದುವಿಗಿಂತ ಮೇಲೆ ಏಳಬಾರದು, ಅದೊಂದೇ ನಿಯಮ.

ಜಾಗ ಆರಿಸಿದ್ದೂ ಅವರೇ. ಗಂಡು ಚಿಗರಿ ತನ್ನ ಗಡಿಯೊಳಗೆ ಒಂದೇ ಕಡೆ ಮತ್ತೆ ಮತ್ತೆ ಹಿಕ್ಕೆ ಹಾಕುತ್ತದೆ. ಆ ಗುಡ್ಡೆಯಿಂದ ಎಪ್ಪತ್ತು ಹೆಜ್ಜೆ ಮೂಡಣಕ್ಕೆ ಕೂರಿಸಿದರು. ಹಿಕ್ಕೆ ಗುಡ್ಡೆ ಇರುವಾಗ ಬಾಟಲಿ ಮೂತ್ರ ಯಾಕೆ ಬೇಕು?

ಇನ್ನು ವಾಸನೆ. ₹1,900ರ ಸ್ಪ್ರೇ ಬಟ್ಟೆಗೆ ಹೊಡೆದುಕೊಂಡೆ. ಒಂದು ತಾಸು ಬೈಕ್ ಓಡಿಸಿ, ದಾರಿಯಲ್ಲಿ ಮಿರ್ಚಿ ತಿಂದು, ಬೆವೆತು ಹೊಲ ತಲುಪುವಷ್ಟರಲ್ಲಿ ಅದು ಏನು ಉಳಿದಿರುತ್ತೆ? ಕುಳ್ಳಿನ ಹೊಗೆಗೆ ಮೈ ಒಡ್ಡಿಯೂ ನೋಡಿದೆ, ಕಣ್ಣು ಉರಿದದ್ದೇ ಲಾಭ. ಕಂಬಳಿ ನೆನೆದಾಗ ಕುರಿಯ ವಾಸನೆ ಬರುತ್ತದೆ. ಕುರಿ ಹಿಂಡು ದಿನಾ ಓಡಾಡುವ ಹೊಲದಲ್ಲಿ ಚಿಗರಿಗೆ ಅದು ಹೊಸದಲ್ಲ. ಅದರಿಂದ ಎಷ್ಟು ಉಪಯೋಗವಾಯಿತೋ, ನನಗಂತೂ ಧೈರ್ಯ ಬಂತು.

ನಿಜವಾಗಿ ಕೆಲಸಕ್ಕೆ ಬಂದದ್ದು ಚಿಟಿಕೆ ಬೂದಿ. ಬೆರಳಿಂದ ಬಿಟ್ಟರೆ ಗಾಳಿ ಎತ್ತ ಅಂತ ಗೊತ್ತಾಗುತ್ತದೆ. ರಾಶಿ ತೂರಿದ ಕಾಕಾಗೆ ಅದೂ ಬೇಡ, ಮುಖ ತಿರುಗಿಸಿದರೆ ಸಾಕು. ಆಗಸ್ಟ್‌ನಲ್ಲಿ ಗಾಳಿ ಪಡುವಣದಿಂದ. ಮೂಡಣಕ್ಕೆ ಕೂತರೆ ನಮ್ಮ ವಾಸನೆ ಹಿಂದಕ್ಕೆ ಹೋಗುತ್ತದೆ, ಬೆಳಗಿನ ಬಿಸಿಲೂ ಬೆನ್ನ ಹಿಂದಿನಿಂದಲೇ ಬರುತ್ತದೆ. ಎರಡೂ ಒಂದೇ ಜಾಗದಲ್ಲಿ! ಅಕ್ಟೋಬರ್ ಕೊನೆಗೆ ಗಾಳಿ ತಿರುಗಿ ಮೂಡಣದಿಂದ ಬೀಸಿದರೆ ಈ ಸುಖ ಇಲ್ಲ. ಆಗ ಬೆಳಕು ಬೇಕಾದರೆ ಗಾಳಿ ಕೈಕೊಡುತ್ತದೆ. ನಾನು ಬೆಳಕು ಸ್ವಲ್ಪ ಬಿಟ್ಟುಕೊಟ್ಟು ಬಡಗಣ ಬದುವಿಗೆ ಸರಿಯುತ್ತೇನೆ.

ಆ ನಾಲ್ಕನೇ ಭಾನುವಾರ ಏಳೂವರೆಗೆ ಗಂಡು ಬಂತು. ಮೂತಿ ಮೇಲೆತ್ತಿ, ಕೋಡು ಬೆನ್ನಿಗೆ ತಾಗುವಂತೆ ಮಾಡಿ, ಹೆಣ್ಣಿನ ಹಿಂದೆ ಗತ್ತಿನಲ್ಲಿ ಹೆಜ್ಜೆ ಇಡುತ್ತಿತ್ತು. ಗಂಟಲಲ್ಲಿ ಗುರ್ ಗುರ್. ಕಣ್ಣ ಕೆಳಗಿನ ಗ್ರಂಥಿ ಚಿಕ್ಕ ಕರಿ ಬಾಯಿಯಂತೆ ತೆರೆದುಕೊಂಡಿತ್ತು. ಬಗ್ಗಿ ಅದನ್ನು ಒಂದು ಒಣ ಕಡ್ಡಿಗೆ ಮೆಲ್ಲಗೆ ಒರೆಸಿತು. ಲೆನ್ಸ್‌ನಲ್ಲಿ ಆ ಕಡ್ಡಿಯ ತುದಿ ಹೊಳೆಯಿತು. ನಾನು ಹನ್ನೊಂದೇ ಫೋಟೊ ತೆಗೆದೆ, ಕೈ ನಡುಗುತ್ತಿತ್ತು.

ನನಗೆ ಸಿಗುವುದು ಭಾನುವಾರ ಬೆಳಿಗ್ಗೆ ಮಾತ್ರ, ಹತ್ತಕ್ಕೆ ಮನೆಯಲ್ಲಿರಬೇಕು. ಡೇರೆ ಹಾಕಲು ಅರ್ಧ ತಾಸು, ಕಂಬಳಿ ಹೊದೆಯಲು ಅರ್ಧ ನಿಮಿಷ. ನಡು ನೋವಿನವರಿಗೆ, ಮೂರು ತಾಸು ನೆಲದ ಮೇಲೆ ಕೂರಲಾಗದವರಿಗೆ ಇದು ಆಗುವುದಿಲ್ಲ. ಅವರು ಡೇರೆ ಕೊಳ್ಳಲಿ, ಮೊಳದುದ್ದದ ಕಬ್ಬಿಣದ ಗೂಟ ಬೇರೆ ಮಾಡಿಸಿಕೊಳ್ಳಲಿ. ನಾನು ಸಂತೆಯಲ್ಲಿ ₹1,600ಕ್ಕೆ ಸ್ವಂತ ಕಂಬಳಿ ತಂದೆ.

ಡೇರೆಯನ್ನು ಕಾಕಾ ಇಸಿದುಕೊಂಡರು. ಹಿಂಗಾರಿಗೆ ಕಡಲೆ ಮೊಳಕೆ ಒಡೆದಾಗ ಚಿಗರಿ ಕಾಟ ಜಾಸ್ತಿ. ಹೊಲದ ನಡುವೆ ಅದನ್ನು ನಿಲ್ಲಿಸಿ, ಒಂದು ಮೂಲೆ ಬೇಕಂತಲೇ ಸಡಿಲ ಬಿಟ್ಟಿದ್ದಾರೆ. ರಾತ್ರಿಯೆಲ್ಲ ಪಟಪಟ ಅನ್ನುತ್ತದಂತೆ, ಒಂದು ಚಿಗರಿಯೂ ಹತ್ತಿರ ಸುಳಿದಿಲ್ಲವಂತೆ. ಮೊನ್ನೆ ಫೋನ್ ಮಾಡಿ ಇನ್ನೊಂದು ಎಲ್ಲಿ ಸಿಗುತ್ತೆ ಅಂತ ಕೇಳಿದರು.